ಕಂಡವನ ಪಕ್ಕದಲ್ಲಿ ಯಾರಿದ್ದಾರೆ?

ಮಗು ಅಳುವ ಸದ್ದಿಗೆ ಎಚ್ಚರವಾಗಿ ಅಪ್ಪ ಕೋಣೆಗೆ ಬಂದ. ಹಾಸಿಗೆಯ ಮೇಲೆ ಮಗು ಇಲ್ಲ. ಕತ್ತಲೆಯಲ್ಲಿ ನೆಲ ತಡವಿದ, ಅಲ್ಲೂ ಸಿಗಲಿಲ್ಲ. ಅಳು ಮಾತ್ರ ತೀರ ಹತ್ತಿರದಿಂದಲೇ ಕೇಳುತ್ತಿತ್ತು. ಮಂಚದಿಂದ ಬಿದ್ದ ಹುಡುಗಿ ಉರುಳಿಕೊಂಡು ಹೋಗಿ ಮಂಚದಡಿ ಗೋಡೆಗೆ ಅಂಟಿಕೊಂಡಿದ್ದಾಳೆ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮಕ್ಕಳಿರುವ ಮನೆಗಳಲ್ಲಿ ಇಂಥದ್ದು ನಡೆಯುತ್ತಲೇ ಇರುತ್ತದೆ. ಎತ್ತಿ, ಬೆನ್ನು ತಟ್ಟಿ ಮಲಗಿಸುತ್ತೇವೆ, ಬೆಳಗಾಗುವಷ್ಟರಲ್ಲಿ ಮರೆತಿರುತ್ತೇವೆ. ಈ ಅಪ್ಪ ಮರೆಯಲಿಲ್ಲ. ಅಳು ಕೇಳುತ್ತಿದೆ, ಮಗು ಕೈಗೆ ಸಿಗುತ್ತಿಲ್ಲ ಎಂಬ ಆ ಕೆಲವು ಕ್ಷಣಗಳನ್ನೇ ಹಿಗ್ಗಿಸಿ ಕಥೆ ಬರೆದ. ಮುಂದೆ ಅದನ್ನು ಟೆಲಿವಿಷನ್ನಿಗೆ ಚಿತ್ರಕಥೆಯಾಗಿಸಿದ. 1962ರ ಮಾರ್ಚ್‌ನಲ್ಲಿ ಅಮೆರಿಕದ ‘ದಿ ಟ್ವೈಲೈಟ್ ಝೋನ್’ ಸರಣಿಯಲ್ಲಿ ಪ್ರಸಾರವಾದ ‘ಲಿಟ್ಲ್ ಗರ್ಲ್ ಲಾಸ್ಟ್’ ಎಂಬ ಕಂತು ಹುಟ್ಟಿದ್ದು ಹೀಗೆ. ಕಥೆಯೊಳಗಿನ ತಾಯಿಯ ಹೆಸರು ರೂತ್, ಮಗಳ ಹೆಸರು ಟೀನಾ. ಬರೆದವನ ಮನೆಯಲ್ಲೂ ಹೆಂಡತಿ ರೂತ್, ಮಗಳು ಟೀನಾ.

ಬರೆದವನು ರಿಚರ್ಡ್ ಮ್ಯಾಥೆಸನ್. ಹೆಸರು ಕೇಳಿರದವರೂ ಅವನ ಕಥೆಯನ್ನು ಎಲ್ಲಾದರೂ ನೋಡಿರುತ್ತಾರೆ. ವಿಲ್ ಸ್ಮಿತ್ ಖಾಲಿ ನ್ಯೂಯಾರ್ಕ್‌ನಲ್ಲಿ ನಾಯಿಯೊಂದಿಗೆ ಅಲೆಯುವ ‘ಐ ಆಮ್ ಲೆಜೆಂಡ್’ ಚಿತ್ರ ಬಂದದ್ದು ಅವನ 1954ರ ಕಾದಂಬರಿಯಿಂದ. ನಾರ್ವೆಯಿಂದ ವಲಸೆ ಬಂದ ದಂಪತಿಯ ಮಗನಾಗಿ 1926ರಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿದ, ಬ್ರೂಕ್ಲಿನ್‌ನಲ್ಲಿ ಬೆಳೆದ, ಎರಡನೇ ಮಹಾಯುದ್ಧದಲ್ಲಿ ಕಾಲಾಳು ಸೈನಿಕನಾಗಿದ್ದ, ಬಂದ ಮೇಲೆ ಪತ್ರಿಕೋದ್ಯಮ ಓದಿದ. 1950ರಲ್ಲಿ ಮೊದಲ ಕಥೆ ಅಚ್ಚಾಯಿತು. 2013ರಲ್ಲಿ ತೀರಿಕೊಳ್ಳುವವರೆಗೆ ಕಾದಂಬರಿ, ಕಥೆ, ಸಿನಿಮಾ ಎಲ್ಲವನ್ನೂ ಬರೆದ. ತನ್ನ ಮೇಲೆ ಎಲ್ಲರಿಗಿಂತ ಹೆಚ್ಚು ಪ್ರಭಾವ ಬೀರಿದ ಲೇಖಕ ಇವನೇ ಎಂದು ಸ್ಟೀಫನ್ ಕಿಂಗ್ ಹೇಳಿದ್ದುಂಟು. ಆದರೆ ನನ್ನ ಮಟ್ಟಿಗೆ ಅವನ ಅತ್ಯುತ್ತಮ ಬರಹ ಇರುವುದು ಟೆಲಿವಿಷನ್ನಿನಲ್ಲಿ, ಅದರಲ್ಲೂ 1959ರಿಂದ 1964ರವರೆಗೆ ಸಿಬಿಎಸ್ ವಾಹಿನಿಯಲ್ಲಿ ನಡೆದ ‘ಟ್ವೈಲೈಟ್ ಝೋನ್’ನಲ್ಲಿ. ಒಟ್ಟು 156 ಕಂತುಗಳಲ್ಲಿ 92ನ್ನು ಸರಣಿಯ ಸೃಷ್ಟಿಕರ್ತ ರಾಡ್ ಸರ್ಲಿಂಗ್ ತಾನೇ ಬರೆದ. ಮ್ಯಾಥೆಸನ್ ಚಿತ್ರಕಥೆ ಬರೆದದ್ದು 14ಕ್ಕೆ. ಆ ಹದಿನಾಲ್ಕರಲ್ಲಿ ಐದಾರು ಇಂದಿಗೂ ಹಳತಾಗಿಲ್ಲ.

ಈ ಸರಣಿ ಎಂದರೆ ಕೊನೆಯ ನಿಮಿಷದ ತಿರುವು ಎಂದೇ ಎಲ್ಲರಿಗೂ ನೆನಪು. ತಿರುವು ಒಮ್ಮೆ ಗೊತ್ತಾದ ಮೇಲೆ ಕಥೆ ಮುಗಿಯಬೇಕಲ್ಲ? ಮ್ಯಾಥೆಸನ್ನನ ಕಂತುಗಳು ಮುಗಿಯುವುದಿಲ್ಲ. ಅಂತ್ಯ ಬಾಯಿಪಾಠವಾದ ಮೇಲೂ ನಾನು ಅವನ್ನು ಮತ್ತೆ ಮತ್ತೆ ಹಾಕಿಕೊಂಡು ನೋಡಿದ್ದೇನೆ. ಹಾಗೆ ನೋಡುತ್ತ ನೋಡುತ್ತ ನನ್ನ ಕಣ್ಣು ಭೂತ, ರೋಬೋಟ್, ಹಾರುವ ತಟ್ಟೆಗಳನ್ನು ಬಿಟ್ಟು ಪಕ್ಕದಲ್ಲಿರುವ ವ್ಯಕ್ತಿಯ ಕಡೆ ಹೋಗತೊಡಗಿತು. ಅವನ ಕಥೆಯಲ್ಲಿ ಯಾರೋ ಒಬ್ಬರಿಗೆ ಇನ್ನೊಬ್ಬರಿಗೆ ಕಾಣದ್ದು ಕಾಣುತ್ತದೆ, ಕೇಳದ್ದು ಕೇಳುತ್ತದೆ. ಆಗ ಅವರ ಜೊತೆ ಯಾರಿದ್ದಾರೆ, ಅವರು ಏನು ಮಾಡುತ್ತಾರೆ? ಕಂತಿನ ತೂಕವೆಲ್ಲ ಅಲ್ಲಿದೆ ಎಂದು ನನಗೆ ಅನಿಸಿದೆ.

ಎಲ್ಲಕ್ಕಿಂತ ಪ್ರಸಿದ್ಧವಾದ ಕಂತನ್ನೇ ನೋಡಿ. 1963ರ ಅಕ್ಟೋಬರ್ 11ರಂದು ಪ್ರಸಾರವಾದ ‘ನೈಟ್‌ಮೇರ್ ಅಟ್ ಟ್ವೆಂಟಿ ಥೌಸಂಡ್ ಫೀಟ್’. ಬಾಬ್ ವಿಲ್ಸನ್‌ಗೆ ಹಿಂದೊಮ್ಮೆ ವಿಮಾನದಲ್ಲೇ ಮನಸ್ಸು ಕೆಟ್ಟಿತ್ತು. ಆರು ತಿಂಗಳು ಚಿಕಿತ್ಸಾಲಯದಲ್ಲಿದ್ದು, ವಾಸಿಯಾಗಿದೆ ಎನಿಸಿಕೊಂಡು, ಹೆಂಡತಿಯ ಜೊತೆ ಮತ್ತೆ ವಿಮಾನದಲ್ಲೇ ಮನೆಗೆ ಹೊರಟಿದ್ದಾನೆ. ರಾತ್ರಿ, ಮಳೆ, ಮಿಂಚು. ಕಿಟಕಿಯಾಚೆ ರೆಕ್ಕೆಯ ಮೇಲೆ ಏನೋ ನಿಂತಿದೆ. ಎಂಜಿನ್ನಿನ ತಗಡನ್ನು ಕೀಳುತ್ತಿದೆ. ಬೇರೆ ಯಾರಾದರೂ ನೋಡಲು ಬಂದರೆ ಅದು ಅಲ್ಲಿರುವುದಿಲ್ಲ.

ವಿಲ್ಸನ್ ಆಗಿ ನಟಿಸಿದವನು ವಿಲಿಯಂ ಶಾಟ್ನರ್. ಇನ್ನೂ ‘ಸ್ಟಾರ್ ಟ್ರೆಕ್’ನ ಕ್ಯಾಪ್ಟನ್ ಆಗಿರದ ಕಾಲ. ನಿರ್ದೇಶಿಸಿದವನು ಮುಂದೆ 1978ರಲ್ಲಿ ‘ಸೂಪರ್‌ಮ್ಯಾನ್’ ಮಾಡಿದ ರಿಚರ್ಡ್ ಡಾನರ್. ಇದರಲ್ಲಿ ಎಲ್ಲರೂ ನೆನಪಿಡುವುದು ಪರದೆಯ ದೃಶ್ಯವನ್ನು. ವಿಲ್ಸನ್ ಕಿಟಕಿಯ ಪರದೆ ಎಳೆದು ಮುಚ್ಚಿ, ಬೆನ್ನು ಒರಗಿಸಿ ಕೂರುತ್ತಾನೆ. ನೋಡಬಾರದು ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಕೈ ಮಾತ್ರ ಪರದೆಯ ಕಡೆ ಹೋಗುತ್ತದೆ, ಹಿಂದೆ ಬರುತ್ತದೆ, ಮತ್ತೆ ಹೋಗುತ್ತದೆ. ಸರಕ್ಕನೆ ಎಳೆದರೆ ಗಾಜಿಗೆ ಒತ್ತಿಕೊಂಡ ಮುಖ, ಗೇಣಷ್ಟು ದೂರದಲ್ಲಿ. ಆ ಮುಖದ ವೇಷ ಮ್ಯಾಥೆಸನ್‌ಗೆ ಹಿಡಿಸಿರಲಿಲ್ಲ. ಮುನಿಸಿಕೊಂಡ ಗೊಂಬೆ ಕರಡಿಯ ಹಾಗಿದೆ ಎಂದು ಅವನ ದೂರು. ಕತ್ತಲೆಯಲ್ಲಿ ಅರೆಬರೆ ಕಾಣುವ ಆಕಾರ ಅವನಿಗೆ ಬೇಕಿತ್ತು. ಅವನ ದೂರು ನ್ಯಾಯವಾದದ್ದೇ. ಆದರೂ ಕಂತು ನಿಂತಿದೆ, ಏಕೆಂದರೆ ಅದರ ನಿಜವಾದ ಭಯ ರೆಕ್ಕೆಯ ಮೇಲಿಲ್ಲ.

ಆ ಭಯ ಇರುವ ದೃಶ್ಯ ಬೇರೆ. ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ವಿಲ್ಸನ್‌ನ ಗಲಾಟೆ ಕೇಳಿ ಫ್ಲೈಟ್ ಎಂಜಿನಿಯರ್ ಬರುತ್ತಾನೆ. ಸಮಾಧಾನದ ದನಿಯಲ್ಲಿ, ನಮಗೂ ಅದು ಕಂಡಿದೆ, ಬೇರೆ ಪ್ರಯಾಣಿಕರು ಗಾಬರಿಯಾಗುತ್ತಾರೆಂದು ಸುಮ್ಮನಿದ್ದೇವೆ ಎನ್ನುತ್ತಾನೆ. ವಿಲ್ಸನ್‌ನ ಮುಖ ಅರೆಕ್ಷಣ ಅರಳುತ್ತದೆ. ಮರುಕ್ಷಣ, ಇವನು ನನ್ನನ್ನು ಹುಚ್ಚನೆಂದುಕೊಂಡು ಪುಸಲಾಯಿಸುತ್ತಿದ್ದಾನೆ ಎಂದು ಅವನಿಗೆ ಹೊಳೆಯುತ್ತದೆ. ಶಾಟ್ನರ್‌ನ ಅಭಿನಯದ ಬಗ್ಗೆ ಜನ ಏನೇ ಹೇಳಲಿ, ಆ ಮುಖ ಕುಸಿಯುವುದನ್ನು ನೋಡಬೇಕು. ಇಲ್ಲ ಎಂದವಳು ಹೆಂಡತಿ; ಅದನ್ನು ಅವನು ತಡೆದುಕೊಂಡ. ಹೌದೆಂದು ಸುಳ್ಳು ಹೇಳಿದವನು ಎಂಜಿನಿಯರ್. ವಿಲ್ಸನ್ ಮುರಿದುಹೋದದ್ದು ಅಲ್ಲಿ. ಅಲ್ಲಿಂದಾಚೆ ವಿಲ್ಸನ್ ಯಾರನ್ನೂ ಕೇಳುವುದಿಲ್ಲ. ನಿದ್ದೆಹೋಗಿದ್ದ ಪೊಲೀಸನ ಪಿಸ್ತೂಲು ಎತ್ತಿಕೊಂಡು, ಬೆಲ್ಟ್ ಬಿಗಿದು, ತುರ್ತು ಕಿಟಕಿ ತೆರೆದುಬಿಡುತ್ತಾನೆ. ಅರ್ಧ ಮೈ ಹೊರಗೆ ಗಾಳಿಯಲ್ಲಿ ನೇತಾಡುತ್ತ ಗುಂಡು ಹಾರಿಸುತ್ತಾನೆ.

ಕೊನೆಯಲ್ಲಿ ಅವನನ್ನು ಕಟ್ಟಿ ಸ್ಟ್ರೆಚರ್ ಮೇಲೆ ಇಳಿಸುತ್ತಾರೆ. ಎಲ್ಲ ಸರಿಹೋಯಿತು ಎಂದು ಹೆಂಡತಿ ಹೇಳುತ್ತಾಳೆ. ನನಗೆ ಗೊತ್ತು, ಸದ್ಯಕ್ಕೆ ಅದು ಗೊತ್ತಿರುವುದು ನನಗೊಬ್ಬನಿಗೇ ಎಂಬರ್ಥದ ಮಾತಾಡಿ ಅವನು ನೆಮ್ಮದಿಯಾಗಿ ಕಣ್ಣೆತ್ತುತ್ತಾನೆ. ಕ್ಯಾಮೆರಾ ಹಿಂದೆ ಸರಿದು, ಕಿತ್ತುಬಂದ ಎಂಜಿನ್ ತಗಡನ್ನು ನಮಗೆ ತೋರಿಸುತ್ತದೆ.

ಇದಕ್ಕೆ ಮೂರು ವರ್ಷ ಮೊದಲು, 1960ರ ನವೆಂಬರ್‌ನಲ್ಲಿ, ಅದೇ ಶಾಟ್ನರ್ ನಟಿಸಿದ, ಮ್ಯಾಥೆಸನ್ ಬರೆದ ಇನ್ನೊಂದು ಕಂತು ಪ್ರಸಾರವಾಗಿತ್ತು. ಹೆಸರು ‘ನಿಕ್ ಆಫ್ ಟೈಮ್’. ಅದರಲ್ಲಿ ದೆವ್ವವಿಲ್ಲ, ರಾಕೆಟ್ ಇಲ್ಲ. ಹೊಸದಾಗಿ ಮದುವೆಯಾದ ಡಾನ್ ಮತ್ತು ಪ್ಯಾಟ್ ಕಾರಿನಲ್ಲಿ ಹೊರಟಿದ್ದಾರೆ. ಒಹಾಯೋದ ರಿಡ್ಜ್‌ವ್ಯೂ ಎಂಬ ಸಣ್ಣ ಊರಿನಲ್ಲಿ ಕಾರು ಕೈಕೊಡುತ್ತದೆ. ರಿಪೇರಿ ಆಗುವವರೆಗೆ ಊಟಕ್ಕೆಂದು ಒಂದು ಹೋಟೆಲಿಗೆ ಹೋಗಿ ಕೂರುತ್ತಾರೆ. ಮೇಜಿನ ಮೇಲೆ ಕಾಗದದ ಕರವಸ್ತ್ರ ಇಡುವ ಡಬ್ಬಿ; ಅದರ ತುದಿಯಲ್ಲಿ ತಲೆ ಅಲ್ಲಾಡಿಸುವ ಪುಟ್ಟ ಸೈತಾನನ ಗೊಂಬೆ. ಒಂದು ಪೆನ್ನಿ ಹಾಕಿ, ಹೌದು ಅಲ್ಲ ಎಂಬಂಥ ಪ್ರಶ್ನೆ ಕೇಳಿದರೆ ಭವಿಷ್ಯದ ಚೀಟಿ ಹೊರಬರುತ್ತದೆ.

ಡಾನ್‌ಗೆ ಮೊದಲೇ ಶಕುನಗಳ ಹುಚ್ಚು. ಕೀಲಿಗೊಂಚಲಿನಲ್ಲಿ ಮೊಲದ ಪಾದ, ನಾಲ್ಕೆಲೆಯ ಕ್ಲೋವರ್ ಕಟ್ಟಿಕೊಂಡಿದ್ದಾನೆ. ನನಗೆ ಬಡ್ತಿ ಸಿಗುತ್ತದೆಯೇ ಎಂದು ಕೇಳುತ್ತಾನೆ. ನಿನ್ನ ಪರವಾಗಿ ತೀರ್ಮಾನವಾಗಿದೆ ಎಂಬರ್ಥದ ಚೀಟಿ. ಆಫೀಸಿಗೆ ಫೋನ್ ಮಾಡಿದರೆ ಬಡ್ತಿ ನಿಜ. ಮೂರು ಗಂಟೆಯವರೆಗೆ ಇಲ್ಲಿಂದ ಹೊರಡುವುದು ಸರಿಯಲ್ಲ ಎನ್ನುವ ಹಾಗೆ ಇನ್ನೊಂದು ಚೀಟಿ. ಅಷ್ಟರಲ್ಲೇ ಹೊರಟರೆ, ರಸ್ತೆ ದಾಟುವಾಗ ಕಾರೊಂದು ಇಬ್ಬರನ್ನೂ ಬಡಿಯುವುದು ಕೂದಲೆಳೆಯಲ್ಲಿ ತಪ್ಪುತ್ತದೆ. ಗಡಿಯಾರ ನೋಡಿದರೆ ಮೂರು. ಆಮೇಲೆ ಡಾನ್ ಆ ಮೇಜು ಬಿಟ್ಟು ಏಳಲಾರ. ಪೆನ್ನಿಯ ಮೇಲೆ ಪೆನ್ನಿ ಹಾಕುತ್ತಾನೆ. ಎಲ್ಲಿ ಮನೆ ಮಾಡಬೇಕು, ಏನು ಮಾಡಬೇಕು, ಎಲ್ಲವನ್ನೂ ಡಬ್ಬಿಯೇ ಹೇಳಬೇಕು.

ಜಾತಕ ಕೇಳುವ, ಕವಡೆ ಹಾಕಿಸುವ ನಮ್ಮೂರಿನವರಿಗೆ ಈ ಕಂತು ಅರ್ಥವಾಗಲು ಒಂದು ಮಾತಿನ ವಿವರಣೆಯೂ ಬೇಡ. ನಾನು ಇದನ್ನು ಮ್ಯಾಥೆಸನ್ನನ ಅತ್ಯುತ್ತಮ ಕಂತು ಎನ್ನುತ್ತೇನೆ. ಅದಕ್ಕೆ ಕಾರಣ ಪ್ಯಾಟ್. ಪ್ಯಾಟ್ರೀಶಿಯಾ ಬ್ರೆಸ್ಲಿನ್ ಆಕೆಯ ಪಾತ್ರ ಮಾಡಿದ್ದಾಳೆ. ಗಂಡನನ್ನು ಅವಳು ಗೇಲಿ ಮಾಡುವುದಿಲ್ಲ. ಹೌದು ಹೌದು ಎಂದು ತಲೆಯಾಡಿಸುವುದೂ ಇಲ್ಲ. ಎದುರು ಕೂತು, ಚೀಟಿಯ ಮಾತು ಯಾವುದಕ್ಕೆ ಬೇಕಾದರೂ ಹೊಂದುತ್ತದೆ, ಉಳಿದದ್ದನ್ನು ನೀನೇ ಸೇರಿಸಿಕೊಳ್ಳುತ್ತಿದ್ದೀಯ ಎಂದು ತೋರಿಸುತ್ತಾಳೆ. ಅದು ನಾಟದಿದ್ದಾಗ ವಾದ ಬಿಡುತ್ತಾಳೆ. ನಿನ್ನ ಬದುಕನ್ನು ನೀನೇ ನಡೆಸಬಲ್ಲೆ ಎಂದು ನನಗೆ ನಂಬಿಕೆ ಇದೆ, ಆ ನಂಬಿಕೆ ನಿನಗೂ ಬೇಕು ಎಂದು ಕೇಳಿಕೊಳ್ಳುತ್ತಾಳೆ. ಡಬ್ಬಿ ನಿಜವೋ ಸುಳ್ಳೋ ಎಂಬ ಪ್ರಶ್ನೆ ಅಲ್ಲಿಗೆ ಬಿದ್ದುಹೋಗುತ್ತದೆ. ಡಾನ್ ಏಳುತ್ತಾನೆ. ಇಬ್ಬರೂ ಹೊರಟುಹೋಗುತ್ತಾರೆ.

ಅವರು ಹೋದ ಮೇಲೆ ಇನ್ನೊಂದು ಜೋಡಿ ಒಳಗೆ ಬರುತ್ತದೆ. ಅವರಿಗಿಂತ ಹಿರಿಯರು, ಬಾಡಿದ ಮುಖದವರು. ಅದೇ ಮೇಜಿನಲ್ಲಿ ಕೂತು, ಪೆನ್ನಿ ಹಾಕಿ, ಇವತ್ತಾದರೂ ಈ ಊರು ಬಿಟ್ಟು ಹೋಗಬಹುದೇ ಎಂದು ಕೇಳುತ್ತಾರೆ. ಅದೇ ಡಬ್ಬಿ, ಅದೇ ಚೀಟಿಗಳು. ಇವರಲ್ಲಿ ಇನ್ನೊಬ್ಬರನ್ನು ಎಬ್ಬಿಸುವವರು ಯಾರೂ ಉಳಿದಿಲ್ಲ. ಇಬ್ಬರೂ ಒಟ್ಟಿಗೆ ನಂಬಿಬಿಟ್ಟಿದ್ದಾರೆ.

ಎರಡು ಕಂತುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ ನನಗೆ ಹೊಳೆದದ್ದು ಇಷ್ಟು. ಎರಡರಲ್ಲೂ ಹೆಂಡತಿ ಗಂಡ ಕಂಡದ್ದನ್ನು ನಂಬುವುದಿಲ್ಲ. ಒಂದರಲ್ಲಿ ಗಂಡನ ಮಾತು ನಿಜ, ಇನ್ನೊಂದರಲ್ಲಿ ಬಹುಶಃ ಭ್ರಮೆ. ಆದರೆ ನಿಜ ಕಂಡ ವಿಲ್ಸನ್ ಒಂಟಿಯಾದ, ಭ್ರಮೆ ಹಿಡಿದ ಡಾನ್ ಉಳಿದುಕೊಂಡ. ಕಂಡದ್ದನ್ನು ನಂಬುವುದು ಬೇರೆ, ಕಂಡವನನ್ನು ನಂಬುವುದು ಬೇರೆ. ಮನೆಯಲ್ಲಿ ಯಾರಿಗಾದರೂ ಕಾಯಿಲೆಯೋ ಮರೆವೋ ಬಂದು, ಇಲ್ಲದ್ದು ಕಾಣಲು ಶುರುವಾದಾಗ ಈ ಎರಡರ ಅಂತರ ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ.

ನಮ್ಮ ದೊಡ್ಡಮ್ಮನಿಗೆ ಕೊನೆಯ ವರ್ಷಗಳಲ್ಲಿ ಸಂಜೆಯಾದರೆ ಹಿತ್ತಿಲ ಹಲಸಿನ ಮರದ ಕೆಳಗೆ ಕೊಡೆ ಹಿಡಿದು ಯಾರೋ ನಿಂತಂತೆ ಕಾಣುತ್ತಿತ್ತು. ಮನೆಯಲ್ಲಿ ಕೆಲವರು, ಯಾರೂ ಇಲ್ಲ ಸುಮ್ನಿರು ಎನ್ನುತ್ತಿದ್ದರು. ಕೆಲವರು ಹೌದಮ್ಮ, ಇದ್ದ, ಈಗ ಹೋದ ಎಂದು ಸಾಗಹಾಕುತ್ತಿದ್ದರು. ಎರಡಕ್ಕೂ ದೊಡ್ಡಮ್ಮನಿಗೆ ಸಿಟ್ಟು; ಎರಡನೆಯದಕ್ಕೆ ಇನ್ನೂ ಹೆಚ್ಚು ಸಿಟ್ಟು. ಕಿರಿಸೊಸೆ ಮಾತ್ರ ಟಾರ್ಚ್ ಹಿಡಿದು ಮರದ ಬುಡಕ್ಕೇ ಹೋಗಿ ಅಲ್ಲಿಂದ ಕೂಗುತ್ತಿದ್ದಳು: “ಇಲ್ಲೇನಾ ಅತ್ತೆ? ಇನ್ನೂ ಬಲಕ್ಕಾ?” ದೊಡ್ಡಮ್ಮ ಜಗಲಿಯಿಂದ ಕೈ ತೋರಿಸಿ ಆಚೆ, ಈಚೆ ಎನ್ನುತ್ತಿದ್ದಳು. ಹುಡುಕಿ ಆದ ಮೇಲೆ ಕಾಲು ತೊಳೆದುಕೊಂಡು ಬಂದು ಪಕ್ಕದಲ್ಲಿ ಕೂತು, “ನಂಗೆ ಯಾರೂ ಕಾಣ್ಲಿಲ್ಲ. ನೀವು ಹೆದರ್ಕೋಬೇಡಿ, ನಾನಿಲ್ಲೇ ಕೂತಿರ್ತೀನಿ” ಅನ್ನುತ್ತಿದ್ದಳು. ಆಮೇಲೆ ದೊಡ್ಡಮ್ಮ ಊಟ ಮಾಡುತ್ತಿದ್ದಳು. ಸೊಸೆ ಸುಳ್ಳು ಹೇಳಲಿಲ್ಲ, ಜಗಳವನ್ನೂ ಆಡಲಿಲ್ಲ. ಹೋಗಿ ನೋಡಿ ಬಂದಳು.

‘ಲಿಟ್ಲ್ ಗರ್ಲ್ ಲಾಸ್ಟ್’ನಲ್ಲಿ ಅಪ್ಪನ ಗೆಳೆಯ ಮಾಡುವುದೂ ಇದನ್ನೇ. ಮಗಳ ದನಿ ಕೇಳುತ್ತಿದೆ, ಮಗಳು ಕಾಣುತ್ತಿಲ್ಲ. ಅಪ್ಪ ಕ್ರಿಸ್ ಮಿಲ್ಲರ್ ನಡುರಾತ್ರಿ ತನ್ನ ಗೆಳೆಯ, ಭೌತವಿಜ್ಞಾನಿ ಬಿಲ್‌ಗೆ ಫೋನ್ ಮಾಡುತ್ತಾನೆ. ಇಂಥ ಕಥೆಗಳ ರೂಢಿಯಂತೆ ಬಿಲ್ ನಗಬೇಕಿತ್ತು, ಅನುಮಾನಿಸಬೇಕಿತ್ತು. ಅರ್ಧ ಕಂತು ಅದರಲ್ಲೇ ಹೋಗಬೇಕಿತ್ತು. ಬಿಲ್ ಎದ್ದು ಬರುತ್ತಾನೆ. ಮಂಚ ಸರಿಸುತ್ತಾನೆ. ಗೋಡೆಯ ಮೇಲೆ ಅಂಗೈ ಇಟ್ಟು ನಿಧಾನವಾಗಿ ಸವರುತ್ತ ಹೋಗುತ್ತಾನೆ. ಒಂದು ಕಡೆ ಕೈ ಗೋಡೆಯೊಳಗೆ ಹೋಗಿಬಿಡುತ್ತದೆ. ಅವನು ಕಿರುಚುವುದಿಲ್ಲ. ಕೈ ಎಲ್ಲಿಂದ ಎಲ್ಲಿಯವರೆಗೆ ಒಳಹೋಗುತ್ತದೆ ಎಂದು ನೋಡುತ್ತ ಗೋಡೆಯ ಮೇಲೆ ಗುರುತು ಹಾಕುತ್ತಾನೆ. ನಾಲ್ಕನೇ ಆಯಾಮಕ್ಕೆ ತೆರೆದುಕೊಂಡ ಬಾಗಿಲು ಮಕ್ಕಳ ಕೋಣೆಯ ಗೋಡೆಯ ಮೇಲಿನ ಕೆಲವು ಗೆರೆಗಳಾಗುತ್ತದೆ. ಟೆಲಿವಿಷನ್ನಿನಲ್ಲಿ ನಾನು ನೋಡಿದ ಅದ್ಭುತಗಳಲ್ಲಿ ಇದಕ್ಕಿಂತ ಸರಳವಾದದ್ದು ಇಲ್ಲ, ಇದಕ್ಕಿಂತ ನಂಬುವಂಥದ್ದೂ ಇಲ್ಲ.

ಮನೆಯ ನಾಯಿ ಮೊದಲೇ ಒಳಗೆ ನುಗ್ಗಿದೆ. ಅಪ್ಪ ಅರ್ಧ ಮೈ ಒಳಗೆ ತೂರಿ ಮಗಳನ್ನೂ ನಾಯಿಯನ್ನೂ ಕರೆಯುತ್ತಾನೆ. ಬೇಗ, ಬೇಗ ಎಂದು ಹೊರಗಿನಿಂದ ಬಿಲ್‌ನ ಕೂಗು. ಎಲ್ಲರೂ ಹೊರಬಿದ್ದ ಮೇಲೆ ಗೊತ್ತಾಗುತ್ತದೆ: ಬಾಗಿಲು ಮುಚ್ಚಿಕೊಳ್ಳುತ್ತಿತ್ತು, ಅಷ್ಟು ಹೊತ್ತೂ ಬಿಲ್ ಗೆಳೆಯನ ಮೈಯನ್ನು ಬಿಡದೆ ಹಿಡಿದುಕೊಂಡಿದ್ದ. ಈ ಕಂತಿಗೆ ಸಂಗೀತ ಕೊಟ್ಟವನು ಹಿಚ್‌ಕಾಕ್‌ನ ‘ಸೈಕೋ’ಗೆ ಸಂಗೀತ ಕೊಟ್ಟ ಬರ್ನಾರ್ಡ್ ಹರ್ಮನ್. ಅದನ್ನು ಕತ್ತಲೆಯಲ್ಲಿ ಕೇಳಬೇಕು.

ಜೊತೆಗೆ ಯಾರೂ ಇಲ್ಲದಿದ್ದರೆ? 1961ರ ಜನವರಿಯ ‘ದಿ ಇನ್ವೇಡರ್ಸ್’ ಅಂಥ ಕಂತು. ಕರೆಂಟಿಲ್ಲದ, ನೆರೆಯಿಲ್ಲದ ಒಂದು ಹಳ್ಳಿಮನೆ. ಒಬ್ಬಳೇ ಹೆಂಗಸು. ಮಾಡಿನ ಮೇಲೆ ಏನೋ ಬಿದ್ದ ಸದ್ದು. ಹತ್ತಿ ನೋಡಿದರೆ ಹಾರುವ ತಟ್ಟೆ. ಅದರೊಳಗಿಂದ ಗೇಣುದ್ದದ ಜೀವಿಗಳು. ಅವು ಅವಳನ್ನು ಸುಡುತ್ತವೆ, ಅವಳ ಅಡುಗೆಮನೆಯ ಚಾಕುವಿನಿಂದಲೇ ಅವಳನ್ನು ಇರಿಯುತ್ತವೆ. ಆಗ್ನೆಸ್ ಮೂರ್‌ಹೆಡ್ ಇಡೀ ಕಂತಿನಲ್ಲಿ ಒಂದು ಮಾತೂ ಆಡುವುದಿಲ್ಲ. ನರಳುತ್ತಾಳೆ, ಏದುಸಿರು ಬಿಡುತ್ತಾಳೆ, ಗಾಯವನ್ನು ನಾಯಿ ನೆಕ್ಕುವ ಹಾಗೆ ನೋಡಿಕೊಳ್ಳುತ್ತಾಳೆ. 1943ರಲ್ಲಿ ‘ಸಾರಿ, ರಾಂಗ್ ನಂಬರ್’ ಎಂಬ ರೇಡಿಯೋ ನಾಟಕದಲ್ಲಿ ಬರೀ ದನಿಯಿಂದ ಅಮೆರಿಕವನ್ನು ನಡುಗಿಸಿದ ನಟಿ ಅವಳು. ದನಿಗೆ ಹೆಸರಾದವಳಿಂದ ಮಾತನ್ನೇ ಕಿತ್ತುಕೊಂಡ ಚಿತ್ರಕಥೆ ಇದು. ಮಾತಾಡಲು ಯಾರಿದ್ದಾರೆ ಅವಳಿಗೆ?

ಕೊನೆಯಲ್ಲಿ ಅವಳು ಕೊಡಲಿ ಎತ್ತಿ ತಟ್ಟೆಯನ್ನು ಕೊಚ್ಚುವಾಗ ಒಳಗಿನಿಂದ ಮನುಷ್ಯನ ದನಿ, ಇಂಗ್ಲಿಷಿನಲ್ಲಿ: ಇಲ್ಲಿ ರಾಕ್ಷಸರಿದ್ದಾರೆ, ಇನ್ನೊಂದು ನೌಕೆ ಕಳಿಸಬೇಡಿ. ತಟ್ಟೆಯ ಮೈಮೇಲೆ ಅಮೆರಿಕ ವಾಯುಪಡೆಯ ಹೆಸರು. ಅಷ್ಟು ಹೊತ್ತು ನಾವು ಅವಳ ಪಕ್ಕದಲ್ಲಿದ್ದೆವು; ಈಗ ನೋಡಿದರೆ ಆ ಗೇಣುದ್ದದವರು ನಾವೇ. ಮ್ಯಾಥೆಸನ್‌ಗೆ ಈ ಕಂತೂ ಪೂರ್ತಿ ಒಪ್ಪಿಗೆಯಾಗಿರಲಿಲ್ಲ. ಓಟ ನಿಧಾನವಾಯಿತು, ಪುಟ್ಟ ಜೀವಿಗಳು ಆಟಿಕೆಯಂತಿವೆ ಎನ್ನುತ್ತಿದ್ದ. ಆಟಿಕೆಯ ಮಾತು ನಿಜ. ನಿಧಾನದ ಬಗ್ಗೆ ನಾನು ಒಪ್ಪಲಾರೆ. ಆ ನಿಧಾನದಲ್ಲೇ ಅವಳ ಒಂಟಿತನ ನಮಗೆ ಅಂಟಿಕೊಳ್ಳುತ್ತದೆ.

ಇನ್ನು ‘ನೈಟ್ ಕಾಲ್’. ಇದು 1963ರ ನವೆಂಬರ್ 22ರ ರಾತ್ರಿ ಪ್ರಸಾರವಾಗಬೇಕಿತ್ತು. ಅಂದು ಅಧ್ಯಕ್ಷ ಕೆನೆಡಿಯ ಹತ್ಯೆಯಾಯಿತು. ಕಂತು 1964ರ ಫೆಬ್ರವರಿಗೆ ಹೋಯಿತು. ನಿರ್ದೇಶಕ ಜಾಕ್ ಟೂರ್ನರ್, ‘ಕ್ಯಾಟ್ ಪೀಪಲ್’ ಚಿತ್ರದಲ್ಲಿ ಏನನ್ನೂ ತೋರಿಸದೆ ಹೆದರಿಸಿದವನು. ಅವನನ್ನು ಈ ಕಂತಿಗೆ ಸೂಚಿಸಿದ್ದು ಮ್ಯಾಥೆಸನ್ನೇ. ಓಡಾಡಲಾರದ ಎಲ್ವಾ ಕೀನ್ ಎಂಬ ವೃದ್ಧೆಗೆ ರಾತ್ರಿ ಹೊತ್ತು ಫೋನ್ ಬರತೊಡಗುತ್ತದೆ. ಮೊದಲು ಬರೀ ಗೊರಗೊರ ಸದ್ದು. ಆಮೇಲೆ ನರಳಿಕೆ. ಆಮೇಲೆ ಗಂಡಸಿನ ದನಿಯಲ್ಲಿ ಹಲೋ. ಹಗಲು ಬರುವ ಕೆಲಸದವಳಿಗೆ ಇದು ಮುದುಕಿಯ ಹಳವಂಡ. ಟೆಲಿಫೋನ್ ಆಪರೇಟರಿಗೆ ಇನ್ನೊಂದು ದೂರು. ಹೆದರಿ ಕಂಗೆಟ್ಟ ಎಲ್ವಾ ಒಂದು ರಾತ್ರಿ, ನನ್ನ ಪಾಡಿಗೆ ನನ್ನನ್ನು ಬಿಡು ಎಂದು ಫೋನಿನಲ್ಲಿ ಕಿರುಚುತ್ತಾಳೆ.

ಮಳೆಗಾಳಿಗೆ ತಂತಿ ಕಡಿದು ಬಿದ್ದಿರುವುದು ಸ್ಮಶಾನದಲ್ಲಿ ಎಂದು ಆಮೇಲೆ ತಿಳಿಯುತ್ತದೆ. ಹೋಗಿ ನೋಡಿದರೆ ತಂತಿ ಬಿದ್ದಿರುವುದು ಬ್ರಯಾನ್ ಡಗ್ಲಾಸ್‌ನ ಸಮಾಧಿಯ ಮೇಲೆ. ಅವಳು ಮದುವೆಯಾಗಬೇಕಿದ್ದವನು. ಮದುವೆಗೆ ಒಂದು ವಾರವಿದ್ದಾಗ, ಕಾರು ನಾನೇ ಓಡಿಸುತ್ತೇನೆ ಎಂದು ಹಟ ಹಿಡಿದವಳು ಎಲ್ವಾ. ಅಪಘಾತದಲ್ಲಿ ಅವನು ಸತ್ತ, ಅವಳ ಕಾಲು ಹೋಯಿತು. ನಾನು ಹೇಳಿದ್ದನ್ನು ಅವನು ಯಾವತ್ತೂ ಮೀರುತ್ತಿರಲಿಲ್ಲ ಎಂದು ಅವಳೇ ಹೇಳುತ್ತಾಳೆ. ಆ ರಾತ್ರಿ ಅವಳು ತಾನೇ ಫೋನ್ ಎತ್ತಿ, ಮಾತಾಡು ಎಂದು ಬೇಡುತ್ತಾಳೆ. ಅವನು ಉತ್ತರಿಸುತ್ತಾನೆ: ನೀನು ಬಿಟ್ಟುಬಿಡು ಎಂದೆ, ನಾನು ಯಾವಾಗಲೂ ನೀನು ಹೇಳಿದಂತೆ ಕೇಳುವವನು. ಅಲ್ಲಿಗೆ ಫೋನ್ ಸುಮ್ಮನಾಗುತ್ತದೆ. ಎಲ್ವಾಳಾಗಿ ನಟಿಸಿದ ಗ್ಲ್ಯಾಡಿಸ್ ಕೂಪರ್‌ಳ ಮುಖದ ಮೇಲೆ ಕಂತು ಮುಗಿಯುತ್ತದೆ.

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರು. ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದರೂ ಅದೇ ಓದುತ್ತದೆ ಎಂಬ ನಂಬಿಕೆ. ಆ ಬರಹ ನೋಡಿದ ಪೀಳಿಗೆಗೆ ‘ನೈಟ್ ಕಾಲ್’ ಬೇರೆಯೇ ಥರ ತಟ್ಟುತ್ತದೆ. ಹೇಳಿದ ಮಾತು ಕೇಳುವ ದೆವ್ವದಿಂದ ನಾವು ಪಾರಾಗುವ ದಾರಿ ಹುಡುಕಿದ್ದೆವು. ಎಲ್ವಾಳ ದುಃಖವೆಂದರೆ ಬಂದ ದೆವ್ವ ಅವಳ ಮಾತು ಕೇಳಿಬಿಟ್ಟಿತು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಈ ಕಂತು 1953ರಲ್ಲಿ ಮ್ಯಾಥೆಸನ್ನೇ ಬರೆದ ಒಂದು ಸಣ್ಣಕಥೆಯಿಂದ ಬಂದದ್ದು. ಆ ಕಥೆಯಲ್ಲಿ ಪ್ರೇಮಿಯಿಲ್ಲ, ಅಪಘಾತವಿಲ್ಲ. ಕೊನೆಯಲ್ಲಿ ಫೋನಿನ ದನಿ, ಈಗಲೇ ನಿಮ್ಮ ಮನೆಗೆ ಬರುತ್ತೇನೆ ಎನ್ನುತ್ತದೆ. ಓದುಗ ಬೆಚ್ಚುತ್ತಾನೆ, ಅಷ್ಟೇ. ಹತ್ತು ವರ್ಷದ ನಂತರ ಅದೇ ಕಥೆಯನ್ನು ಟೆಲಿವಿಷನ್ನಿಗೆ ತರುವಾಗ ಅವನು ದಿಕ್ಕನ್ನೇ ತಿರುಗಿಸಿದ. ಬರುತ್ತೇನೆ ಎನ್ನುವ ಭೂತದ ಜಾಗದಲ್ಲಿ, ಇನ್ನು ಬರುವುದಿಲ್ಲ ಎನ್ನುವ ಭೂತ. ಇಪ್ಪತ್ತೇಳರ ಹುಡುಗನಿಗೆ ಭಯ ಸಾಕಾಗಿತ್ತು. ಮೂವತ್ತೇಳು ದಾಟಿದ, ಮಕ್ಕಳ ತಂದೆಯಾದ ಮ್ಯಾಥೆಸನ್‌ಗೆ, ಭಯದ ಕೆಳಗೆ ಇನ್ನೇನೋ ಇದೆ ಎಂದು ಗೊತ್ತಾಗಿತ್ತು. ಬರಹಗಾರ ಬೆಳೆಯುವುದೆಂದರೆ ಏನೆಂದು ಯಾರಾದರೂ ಕೇಳಿದರೆ ನಾನು ಈ ಎರಡು ಅಂತ್ಯಗಳನ್ನು ತೋರಿಸುತ್ತೇನೆ.

ಉಳಿದವನ್ನು ಬೇಗ ಹೇಳುತ್ತೇನೆ. ‘ಸ್ಟೀಲ್’ನಲ್ಲಿ ಮನುಷ್ಯರ ಬಾಕ್ಸಿಂಗ್ ನಿಷೇಧವಾಗಿ ರೋಬೋಟುಗಳು ಹೊಡೆದಾಡುವ ಕಾಲ. ತನ್ನ ಹಳೆಯ ರೋಬೋಟ್ ಕೆಟ್ಟಾಗ ಲೀ ಮಾರ್ವಿನ್ ತಾನೇ ರೋಬೋಟ್ ಎಂಬಂತೆ ಕಣಕ್ಕಿಳಿಯುತ್ತಾನೆ. ಹ್ಯೂ ಜಾಕ್‌ಮನ್‌ನ ‘ರಿಯಲ್ ಸ್ಟೀಲ್’ ನೋಡಿದವರು ಮೂಲವನ್ನೂ ನೋಡಬೇಕು. ಅಲ್ಲಿ ಗೆಲುವಿಲ್ಲ, ಮಾನವಿದೆ. ‘ದಿ ಲಾಸ್ಟ್ ಫ್ಲೈಟ್’, ಈ ಸರಣಿಗೆ ಅವನ ಮೊದಲ ಚಿತ್ರಕಥೆ, ಚೆನ್ನಾಗಿದೆ. ‘ಸ್ಟಾರ್ ಟ್ರೆಕ್’ಗೆ 1966ರಲ್ಲಿ ಬರೆದ ‘ದಿ ಎನಿಮಿ ವಿದಿನ್’ನಲ್ಲಿ ಮತ್ತೆ ಶಾಟ್ನರ್: ಯಂತ್ರದ ದೋಷದಿಂದ ಕ್ಯಾಪ್ಟನ್ ಕರ್ಕ್ ಸಾಧು ಮತ್ತು ಕ್ರೂರಿ ಎಂಬ ಇಬ್ಬರಾಗುತ್ತಾನೆ. ಕ್ರೂರಿಯಿಲ್ಲದೆ ಸಾಧುವಿಗೆ ಒಂದು ತೀರ್ಮಾನವನ್ನೂ ತೆಗೆದುಕೊಳ್ಳಲಾಗುವುದಿಲ್ಲ ಎಂಬುದು ದೊಡ್ಡ ವಿಚಾರ. ಗ್ರಹದ ಮೇಲೆ ಚಳಿಯಲ್ಲಿ ಸಿಕ್ಕಿಬಿದ್ದವರ ಉಪಕಥೆ ಅವನದಲ್ಲ. ಅದು ಬೇಕಿರಲಿಲ್ಲ ಎಂದು ಅವನಿಗೂ ಅನಿಸಿತ್ತು, ನನಗೂ ಅನಿಸುತ್ತದೆ.

‘ಡುಯೆಲ್’ ಕಂತಲ್ಲ, ಟೆಲಿವಿಷನ್ನಿಗೆಂದೇ ಮಾಡಿದ ಚಿತ್ರ. ಆದರೂ ಅದನ್ನು ಬಿಡಲಾಗದು. ಕೆನೆಡಿ ಸತ್ತ ದಿನ ಗಾಲ್ಫ್ ಆಟ ನಿಲ್ಲಿಸಿ ಗೆಳೆಯನೊಂದಿಗೆ ಕಾರಿನಲ್ಲಿ ಮರಳುವಾಗ ಲಾರಿಯೊಂದು ಮ್ಯಾಥೆಸನ್‌ನ ಬೆನ್ನುಬಿದ್ದಿತ್ತು. ಆ ಭಯ ಕಥೆಯಾಗಿ, 1971ರ ನವೆಂಬರ್‌ನಲ್ಲಿ ಇಪ್ಪತ್ತನಾಲ್ಕರ ಹರೆಯದ ಸ್ಟೀವನ್ ಸ್ಪಿಲ್‌ಬರ್ಗ್‌ನ ಕೈಯಲ್ಲಿ ಚಿತ್ರವಾಯಿತು. ಹೋಟೆಲಿನಲ್ಲಿ ಕೂತು, ಇವರಲ್ಲಿ ಯಾರು ನನ್ನ ಬೆನ್ನುಬಿದ್ದ ಲಾರಿಯವನು ಎಂದು ಡೆನಿಸ್ ವೀವರ್ ಒಬ್ಬೊಬ್ಬರ ಬೂಟನ್ನೂ ನೋಡುವ ದೃಶ್ಯದಲ್ಲಿ ವಿಲ್ಸನ್‌ನ ವಿಮಾನವೇ ಮತ್ತೆ ಕಾಣುತ್ತದೆ. ಅವನ ಮಾತನ್ನೂ ಯಾರೂ ನಂಬುವುದಿಲ್ಲ.

ಅವನ ಕಥೆಗಳ ಬೀಜ ಇಷ್ಟೇ ಸಣ್ಣವು. ಒಂದು ಸಿನಿಮಾದಲ್ಲಿ ಯಾರೋ ಇನ್ನೊಬ್ಬನ ದೊಡ್ಡ ಟೊಪ್ಪಿ ಹಾಕಿಕೊಂಡಾಗ ಅದು ಕಿವಿಯವರೆಗೆ ಇಳಿದದ್ದು ಕಂಡು, ದಿನೇದಿನೇ ಕುಗ್ಗುವ ಮನುಷ್ಯನ ಕಾದಂಬರಿ. ವಿಮಾನದ ಕಿಟಕಿಯಿಂದ ಮೋಡ ನೋಡುತ್ತ, ಅದರ ಮೇಲೆ ಯಾರಾದರೂ ಸ್ಕೀ ಕಟ್ಟಿಕೊಂಡು ಜಾರುತ್ತ ಹೋದರೆ ಎಂದುಕೊಂಡದ್ದು ರೆಕ್ಕೆಯ ಮೇಲಿನ ಜೀವಿಯಾಯಿತು. ಅವನು ಹೊಸ ಲೋಕಗಳನ್ನು ಕಟ್ಟಲಿಲ್ಲ, ರಾಜ್ಯಗಳ ನಕ್ಷೆ ಬರೆಯಲಿಲ್ಲ. ಗಂಡ, ಹೆಂಡತಿ, ಮಗು, ಬಾಡಿಗೆ ಮನೆಯ ಈ ಲೋಕಕ್ಕೆ ಒಂದೇ ಒಂದು ಅಸಾಧ್ಯವನ್ನು ಬಿಟ್ಟು, ಉಳಿದದ್ದನ್ನೆಲ್ಲ ಇದ್ದ ಹಾಗೇ ಇರಿಸಿದ. ಇವತ್ತು ಫ್ಯಾಂಟಸಿ ಸರಣಿಗಳಿಗೆ ಕೋಟಿಗಟ್ಟಲೆ ಸುರಿಯುತ್ತಾರೆ. ಡ್ರ್ಯಾಗನ್ನಿನ ಒಂದೊಂದು ಹುರುಪೆಯೂ ಕಾಣುತ್ತದೆ. ಅದನ್ನು ಕಂಡವನ ಪಕ್ಕದಲ್ಲಿ ಯಾರಿದ್ದಾರೆ ಎಂಬುದಕ್ಕೆ ಮಾತ್ರ ಬರೆಯುವವರಿಗೆ ಪುರಸೊತ್ತಿಲ್ಲ. ಇದು ನನಗೆ ನಿಜವಾಗಿ ಬೇಸರ ತರುವ ಸಂಗತಿ.

ಮ್ಯಾಥೆಸನ್ನನ್ನು ನೋಡದವರು ‘ನೈಟ್‌ಮೇರ್’ನಿಂದ ಶುರುಮಾಡಬೇಡಿ, ಅದರ ಖ್ಯಾತಿ ಅಡ್ಡ ಬರುತ್ತದೆ. ಮೊದಲು ‘ನಿಕ್ ಆಫ್ ಟೈಮ್’ ನೋಡಿ, ಆದರೆ ಮನೆಯವರೊಬ್ಬರ ಜೊತೆ ಕೂತು ನೋಡಿ. ಆಮೇಲೆ ‘ನೈಟ್ ಕಾಲ್’. ಎರಡೂ ಸೇರಿ ಒಂದು ಗಂಟೆಯೂ ಆಗುವುದಿಲ್ಲ.